ನಲವತ್ಮೂರು ಸಲ ಕೆಟ್ಟ ಅತ್ತೆ

ಝೆಂಗ್‌ಝೌ ಊರಿನ ಜಾಹೀರಾತು ಸ್ಟುಡಿಯೋಗಳಲ್ಲಿ ಅರ್ಧ ದಿನ ಸೊಸೆಯನ್ನು ಬೈಯುವುದಕ್ಕೆ ಇನ್ನೂರ ಅರವತ್ತು ಯುವಾನ್. ಇನ್ನೂರ ಐವತ್ತೇ ಸಾಕಿತ್ತು. ಆದರೆ ಚೀನೀ ಮಾತಿನಲ್ಲಿ ಆ ಸಂಖ್ಯೆಯನ್ನು ಯಾರ ಮುಖಕ್ಕೆ ಹೇಳಿದರೂ ಪೆದ್ದ ಎಂದು ಬೈದ ಹಾಗೆ, ಆದ್ದರಿಂದ ಮರ್ಯಾದೆಗೆಂದು ಹತ್ತು ಹೆಚ್ಚು. ಅಳುವ ಸೊಸೆಗೆ ಇನ್ನೂರ ಎಂಬತ್ತು. ಮಂಡಿಯೂರಿದರೆ ಮೇಲೆ ಮೂವತ್ತು, ಕೆನ್ನೆಗೆ ಏಟು ತಿಂದರೆ ಏಟಿಗೆ ಇಪ್ಪತ್ತು. ಏಟು ಕೊಟ್ಟವಳಿಗೆ ಏನೂ ಇಲ್ಲ, ಅದು ಅವಳ ಸಂತೋಷಕ್ಕೆ ಎಂದು ಲೆಕ್ಕ. ಇವರಿಬ್ಬರ ನಡುವೆ ಸೋಫಾದ ಮೇಲೆ ಕೂತು ಮೊಬೈಲ್ ನೋಡುತ್ತಾ, ಕೊನೆಗೊಮ್ಮೆ "ಬಿಡಮ್ಮ, ಹೋಗ್ಲಿ" ಎನ್ನುವ ಗಂಡನಿಗೆ ಮುನ್ನೂರ ಎಪ್ಪತ್ತು.

ಹಾಗೆ ಸುಮ್ಮನೆ ಕೂರುವ ಗಂಡಸರು ಮನೆಮನೆಯಲ್ಲೂ ಬಿಟ್ಟಿ ಸಿಗುತ್ತಾರಲ್ಲ ಎಂದು ಗೆಂಗ್ ಸುಯುನ್ ಒಮ್ಮೆ ಕೇಳಿದ್ದಳು. "ಸಿಗ್ತಾರೆ ಅತ್ತೆ, ಆದ್ರೆ ಕ್ಯಾಮೆರಾ ಮುಂದೆ ಅಷ್ಟು ಸಹಜವಾಗಿ ಕೂರೋದು ಎಲ್ರಿಗೂ ಬರಲ್ಲ" ಎಂದಿದ್ದ ನಿರ್ದೇಶಕ ಪೆಯ್.

ಸುಯುನ್‌ಳನ್ನು ಅಲ್ಲಿ ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಐವತ್ತೇಳು ವಯಸ್ಸು. ಇಪ್ಪತ್ತಾರು ವರ್ಷ ಹತ್ತಿ ಗಿರಣಿಯಲ್ಲಿ ಮಗ್ಗಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ಗಂಟಲು ತಗಡಿನ ಹಾಗೆ ಆಗಿತ್ತು. ಗಿರಣಿ ಮುಚ್ಚಿ ಪಿಂಚಣಿ ಬಂದ ಮೇಲೆ ಆ ಗಂಟಲಿಗೆ ಕೆಲಸವಿರಲಿಲ್ಲ. ಗಂಡ ಹೌ ನಿವೃತ್ತ ಬಸ್ ಚಾಲಕ, ಬೈದರೂ ಕಡಲೆಕಾಯಿ ಸುಲಿಯುತ್ತಾ ಕೂರುವ ಪೈಕಿ. ನಾಲ್ಕು ವರ್ಷದ ಹಿಂದೆ ಪಾರ್ಕಿನಲ್ಲಿ ಹೆಂಗಸರ ಕುಣಿತದ ಜಾಗಕ್ಕಾಗಿ ಅವಳು ಇನ್ನೊಂದು ಗುಂಪಿನವರೊಡನೆ ಜಗಳವಾಡುತ್ತಿದ್ದುದನ್ನು ಪೆಯ್ ನೋಡಿದ. ಜಗಳ ಮುಗಿಯುವವರೆಗೂ ನಿಂತು ಕಾದು ಕೈಗೆ ತನ್ನ ಕಾರ್ಡು ಕೊಟ್ಟ.

ಅಂದಿನಿಂದ ಮೊಬೈಲಿನಲ್ಲಿ ಓಡುವ ನಲವತ್ಮೂರು ಜಾಹೀರಾತು. ನೀರು ಸೋಸುವ ಯಂತ್ರ, ಹಾಸಿಗೆಯ ಹುಳ ಹೀರುವ ಯಂತ್ರ, ಬೊಜ್ಜು ಕರಗಿಸುವ ಚಹಾ, ನರೆಗೂದಲಿನ ಶಾಂಪೂ. ಮಾರುವ ಸಾಮಾನು ಬದಲಾದರೂ ಕತೆ ಬದಲಾಗದು. ಮೊದಲ ಎರಡು ನಿಮಿಷ ಅತ್ತೆ ಸೊಸೆಯನ್ನು ಅರೆಯುತ್ತಾಳೆ. ಮೂರನೆಯ ನಿಮಿಷಕ್ಕೆ ಸೊಸೆ ಏನನ್ನೋ ಕೊಳ್ಳುತ್ತಾಳೆ. ಅಲ್ಲಿಗೆ ಅತ್ತೆ ಕರಗುತ್ತಾಳೆ, ಬೊಜ್ಜು ಕರಗುತ್ತದೆ, ಗಂಡ ಮೊಬೈಲಿನಿಂದ ತಲೆ ಎತ್ತಿ ನಗುತ್ತಾನೆ. ಕತೆ ಬರೆಯುವವನೂ ಪೆಯ್. ಇಪ್ಪತ್ತಾರರ ಹುಡುಗ, ಮದುವೆಯಾಗಿಲ್ಲ, ಅವನ ಬಟ್ಟೆಯನ್ನು ಇನ್ನೂ ಅವನ ತಾಯಿಯೇ ಒಗೆಯುತ್ತಾಳೆ.

ಇವುಗಳಲ್ಲಿ ಬಾಣಂತಿಯರ ಕೆಂಪು ಸಕ್ಕರೆಯ ಜಾಹೀರಾತು ಎಲ್ಲಕ್ಕಿಂತ ಹೆಚ್ಚು ಓಡಿತು. ಹೆತ್ತು ನಾಲ್ಕು ದಿನವಾದ ಸೊಸೆಗೆ ತಣ್ಣಗಿನ ಗಂಜಿ ಕೊಟ್ಟು, ಮೊಟ್ಟೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೆಣ್ಣು ಹೆತ್ತವಳಿಗೆ ಮೊಟ್ಟೆ ಬೇರೆ ಕೇಡು" ಎನ್ನುವ ಅತ್ತೆ. ಪರದೆಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಇದು ಅಭಿನಯ' ಎಂದು ಬರೆದಿತ್ತು. ಅದನ್ನು ಓದುವಷ್ಟು ಕಣ್ಣು ಚೆನ್ನಾಗಿದ್ದವರು ಆ ಸಕ್ಕರೆಯನ್ನು ಕೊಳ್ಳುತ್ತಿರಲಿಲ್ಲ. ಮೂರು ಕೋಟಿ ಜನ ನೋಡಿದರು. ಸುಯುನ್‌ಗೆ ಸಿಕ್ಕಿದ್ದು ಅದೇ ಇನ್ನೂರ ಅರವತ್ತು ಮತ್ತು ಶೂಟಿಂಗಿನಲ್ಲಿ ಉಳಿದ ಮೊಟ್ಟೆಗಳು.

ಆ ಮೂರು ಕೋಟಿಯಲ್ಲಿ ಒಬ್ಬಳು ನಾನ್‌ಯಾಂಗ್ ಊರಿನ ಶು ಲಾನ್‌ಯಿಂಗ್. ಆವಿಯಲ್ಲಿ ಬೇಯಿಸಿದ ಬನ್ನಿನ ಅಂಗಡಿಯವಳು. ಅವಳ ಮಗಳು ಚೆನ್‌ಲು ಝೆಂಗ್‌ಝೌನ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಲಿಫ್ಟ್ ರಿಪೇರಿ ಮಾಡುವ ಹೌ ಝೆನ್ ಎಂಬವನನ್ನು ಎರಡು ವರ್ಷದಿಂದ ಪ್ರೀತಿಸುತ್ತಿದ್ದಳು. ಆ ಹೌ ಝೆನ್ ಸುಯುನ್‌ಳ ಒಬ್ಬನೇ ಮಗ.

ಒಂದು ಭಾನುವಾರ ಚೆನ್‌ಲು ಮುಖ ಸಣ್ಣದು ಮಾಡಿಕೊಂಡು ಸುಯುನ್ ಮನೆಗೆ ಬಂದಳು.

"ಆಂಟಿ, ಅಮ್ಮಂಗೆ ನಿಮ್ಮ ಫೋಟೋ ಕಳಿಸಿದ್ದೆ."

"ಹೂಂ, ಚೆನ್ನಾಗಿದೀನಂತಾ?"

"ಈ ಹೆಂಗಸು ನಂಗೊತ್ತು, ಬಾಣಂತಿ ಮೊಟ್ಟೆಗೆ ಬೀಗ ಹಾಕಿದವಳು ಇವಳೇ ಅಂತಾರೆ. ಅದು ನಾಟಕ ಅಮ್ಮಾ ಅಂತ ಬಡ್ಕೊಂಡೆ. ನಾಟಕ ಆದ್ರೆ ಕಣ್ಣಲ್ಲಿ ಅಷ್ಟು ವಿಷ ಎಲ್ಲಿಂದ ಬರತ್ತೆ, ಅದು ಒಳಗಿದ್ರೇ ಬರೋದು ಅಂತಾರೆ."

ಸುಯುನ್‌ಗೆ ಒಂದು ಕ್ಷಣ ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಮಗನ ಮುಖ ನೋಡಿದಳು. ಮಗನಿಗೆ ಮೂವತ್ತಾಗಲು ನಾಲ್ಕು ತಿಂಗಳಿತ್ತು. ಇದಕ್ಕೂ ಮೊದಲು ನೋಡಿದ ಐದು ಹುಡುಗಿಯರಲ್ಲಿ ಮೂವರು ಅವನ ಜೊತೆ ಒಂದು ಊಟಕ್ಕಿಂತ ಹೆಚ್ಚು ಕೂರಲಿಲ್ಲ. ಈ ಹುಡುಗಿ ಅವನ ಕೆಟ್ಟ ಜೋಕಿಗೂ ನಗುತ್ತಿದ್ದಳು. ಇಂಥವಳು ಕೈತಪ್ಪಿದರೆ ಇನ್ನೊಬ್ಬಳು ಸಿಗುವುದಿಲ್ಲ ಎಂಬುದು ಸುಯುನ್‌ಗೆ ಚೆನ್ನಾಗಿ ಗೊತ್ತಿತ್ತು.

"ಬರಲಿ ನಿಮ್ಮಮ್ಮ. ಒಂದ್ಸಲ ಮುಖಾಮುಖಿ ಕೂತ್ಕೊಂಡ್ರೆ ಎಲ್ಲ ಸರಿಹೋಗತ್ತೆ" ಎಂದಳು.

ಸರಿಹೋಗಲಿಲ್ಲ.

ಎರಡೂ ಮನೆಯವರು ಮೊದಲ ಸಲ ಸೇರುವ ಊಟಕ್ಕೆ ಸುಯುನ್ ಒಳ್ಳೆಯ ಹೋಟೆಲಿನಲ್ಲಿ ಕೋಣೆ ಹಿಡಿದಿದ್ದಳು. ಲಾನ್‌ಯಿಂಗ್ ಬಂದಳು. ದುಂಡು ಮುಖ, ಹಿಟ್ಟು ನಾದಿ ನಾದಿ ತೋಳು ಕಂಬದಂತಾದ ಹೆಂಗಸು. ಗಂಡ ತೀರಿಕೊಂಡು ಹನ್ನೊಂದು ವರ್ಷ, ಅಂಗಡಿಯನ್ನೂ ಮಗಳನ್ನೂ ಒಬ್ಬಳೇ ಎತ್ತಿ ನಿಲ್ಲಿಸಿದವಳು. ಬಾಗಿಲಿಗೆ ಎದುರಾದ ಮುಖ್ಯ ಆಸನದಲ್ಲಿ ಅವಳನ್ನು ಕೂರಿಸಿ, ಸುಯುನ್ ತಾನೇ ಅವಳ ತಟ್ಟೆಗೆ ಮಾಂಸದ ತುಂಡು ಹಾಕಿದಳು.

"ಎಷ್ಟು ಚೆನ್ನಾಗಿ ಬಡಿಸ್ತೀರಿ" ಎಂದಳು ಲಾನ್‌ಯಿಂಗ್. "ಅಭ್ಯಾಸ ಇದೆ ಅಲ್ವಾ."

"ಮನೇಲಿ ಬಡಿಸಿ ಅಭ್ಯಾಸ ಬೀಗಿತ್ತಿ."

"ಅಯ್ಯೋ, ಬೀಗಿತ್ತಿ ಅಂತ ಈಗಲೇ ಯಾಕೆ. ನೀವು ಕಲಾವಿದರು, ನಾನು ಬನ್ನು ಮಾಡೋಳು."

ಸುಯುನ್ ನಕ್ಕರೆ, "ನಗು ಕೂಡ ಮೊಬೈಲಲ್ಲಿ ಬಂದ ಹಾಗಿದೆ." ಚೆನ್‌ಲುವಿನ ಭುಜದ ಮೇಲೆ ಶಾಲು ಹೊದಿಸಿದರೆ, "ಇದನ್ನ ಯಾವ ಜಾಹೀರಾತಲ್ಲಿ ಮಾಡಿದ್ರಿ?" ಚೆನ್‌ಲು ತನ್ನ ಮಗಳಿದ್ದ ಹಾಗೆ ಎಂದು ಹೇಳಿ ನಿಜವಾಗಿಯೇ ಕಣ್ಣು ತುಂಬಿಕೊಂಡಾಗ ಲಾನ್‌ಯಿಂಗ್ ಕೈಚೀಲದಿಂದ ಕಾಗದದ ಕರವಸ್ತ್ರ ತೆಗೆದು ಕೊಟ್ಟು, "ಅಳೋದಕ್ಕೆ ಬೇರೆ ದುಡ್ಡು ಕೊಡ್ತಾರಾ?" ಎಂದು ಬಹಳ ಆಸಕ್ತಿಯಿಂದ ಕೇಳಿದಳು.

ಒಳ್ಳೆಯವಳಾಗಿ ನಡೆದುಕೊಂಡಷ್ಟೂ ಸುಯುನ್ ಒಳ್ಳೆಯ ನಟಿಯಾಗುತ್ತಿದ್ದಳು.

ಅಷ್ಟರಲ್ಲಿ ಮೀನು ಬಂತು. ಹೆನಾನ್ ಸೀಮೆಯಲ್ಲಿ ಮೀನಿನ ತಲೆಯನ್ನು ಮುಖ್ಯ ಅತಿಥಿಯ ಕಡೆಗೆ ಮಾಡಿ ಇಡುತ್ತಾರೆ. ತಲೆಯ ಕಡೆಯವರು ಮೂರು ಪುಟ್ಟ ಬಟ್ಟಲು ಮದ್ಯ ಕುಡಿಯಬೇಕು, ಬಾಲದ ಕಡೆಯವರು ನಾಲ್ಕು. ಆಮೇಲೆ ಆ ತಟ್ಟೆಯನ್ನು ಅಲುಗಿಸುವಂತಿಲ್ಲ. ತಲೆ ಲಾನ್‌ಯಿಂಗ್ ಕಡೆಗಿತ್ತು. ಅವಳು ಒಂದು ಬೆರಳಿನಿಂದ ಮೇಜಿನ ನಡುವೆ ತಿರುಗುವ ಗಾಜಿನ ಹಲಗೆಯನ್ನು ಮೆಲ್ಲಗೆ ತಿರುಗಿಸಿದಳು. ಮೀನು ಅರ್ಧ ಸುತ್ತು ಹೊಡೆದು ಬಂದು ಸುಯುನ್‌ಳನ್ನೇ ದಿಟ್ಟಿಸಿತು.

"ಇಲ್ಲಿ ಹೆಸರಿರೋದು ನಿಮಗೆ. ನೀವೇ ಕುಡೀರಿ."

ನಾಲ್ಕು ವರ್ಷದಲ್ಲಿ ದುಡ್ಡಿಗಾಗಿ ಬಂದಿದ್ದ ಕೋಪವೆಲ್ಲ ಈಗ ಪುಕ್ಕಟೆ ಬಂತು. "ಏನಮ್ಮಾ, ಬಂದಾಗಿಂದ ನೋಡ್ತಿದೀನಿ!" ಎಂದು ಸುಯುನ್ ಎದ್ದು ನಿಂತಳು. "ಮೀನು ತಿರುಗಿಸೋ ಅಷ್ಟು ದೊಡ್ಡೋಳಾದ್ಯಾ? ನಾನು ಯಾರ ಮೊಟ್ಟೆಗೂ ಬೀಗ ಹಾಕಿಲ್ಲ! ನಮ್ಮನೇಲಿ ಬೀರುವಿಗೆ ಬೀಗಾನೇ ಇಲ್ಲ!"

ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು.

ಲಾನ್‌ಯಿಂಗ್ ಮಗಳ ಕಡೆಗೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದಳು. "ನೋಡಿದ್ಯಾ? ಇದು ಒರಿಜಿನಲ್ಲು."

ಆಗ ಹೌ ಝೆನ್ ಮೊಬೈಲಿನಿಂದ ತಲೆ ಎತ್ತಿ, "ಬಿಡಮ್ಮ, ಹೋಗ್ಲಿ" ಎಂದ.

ಇಬ್ಬರು ತಾಯಂದಿರೂ ಒಟ್ಟಿಗೆ ಅವನ ಕಡೆ ತಿರುಗಿ ನೋಡಿದ ನೋಟಕ್ಕೆ ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಆ ಇಡೀ ಸಂಜೆ ಅವರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೊಂದು ವಿಷಯದಲ್ಲಿ.

"ನಾಳೆ ಮಧ್ಯಾಹ್ನ ಮೂರಕ್ಕೆ ನನ್ನ ರೈಲು" ಎಂದಳು ಲಾನ್‌ಯಿಂಗ್. "ಈ ಸಂಬಂಧ ಬೇಡ ಅಂತ ಹೇಳಿ ಹೋಗೋಣ ಅಂತಾನೇ ಬಂದೆ. ನಾನು ಗಂಡಸಿಲ್ಲದೆ ಬೆಳೆಸಿದ ಮಗು ಇದು. ಬೇರೆಯವರ ಮನೇಲಿ ಅತ್ತುಕೊಂಡು ಕೂರೋಕೆ ಕಳಿಸಲ್ಲ."

"ಅಮ್ಮಾ, ನಾನು ಹೋಗೋಳು, ನಂಗೇ ಇಲ್ಲದ ಭಯ ನಿಂಗ್ಯಾಕೆ?" ಎಂದಳು ಚೆನ್‌ಲು. ಆದರೆ ತಾಯಿ ಬೇಡವೆಂದರೆ ಮದುವೆಯಾಗುವುದಿಲ್ಲ ಎಂದು ಅವಳು ಝೆನ್‌ಗೆ ಮೊದಲೇ ಹೇಳಿಬಿಟ್ಟಿದ್ದಳು. ಹನ್ನೊಂದು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ನಾದಿದವಳ ಮಾತನ್ನು ಮೀರಲು ಅವಳಿಂದಾಗದು.

ಸುಯುನ್ ಕೂತಳು. ಮೀನಿನ ತಲೆಯ ಲೆಕ್ಕದ ಮೂರು ಬಟ್ಟಲನ್ನೂ ಒಂದರ ಹಿಂದೆ ಒಂದು ಕುಡಿದಳು. "ನಾಳೆ ಎಂಟಕ್ಕೆ ನಂಗೆ ಶೂಟಿಂಗ್ ಇದೆ. ಬನ್ನಿ. ಕಣ್ಣಾರೆ ನೋಡಿ. ಆಮೇಲೆ ಬೇಡ ಅಂದ್ರೆ ನಾನೇ ಸ್ಟೇಷನ್ನಿಗೆ ಬಿಟ್ಟು ಬರ್ತೀನಿ."

ಮರುದಿನದ ಸಾಮಾನು ಕಾಲು ತೊಳೆಯುವ ಟಬ್ಬು. ಒಳಗೇ ನೀರು ಬಿಸಿಯಾಗಿ ಪಾದ ತಿಕ್ಕುವ ನಮೂನೆ. ಮಾರ್ಚ್ ಎಂಟಕ್ಕೆ ಮಹಿಳೆಯರ ದಿನ. ಈಚೆಗೆ ಅಂಗಡಿಯವರು ಅದನ್ನು ದೇವತೆಯರ ಹಬ್ಬ ಎಂದು ಕರೆಯುತ್ತಾರೆ. ಮಹಿಳೆ ಎಂದರೆ ಯಾರೂ ಏನೂ ಕೊಳ್ಳುವುದಿಲ್ಲ, ದೇವತೆ ಎಂದರೆ ರಿಯಾಯಿತಿ ದರದಲ್ಲಿ ಎರಡೆರಡು ಕೊಳ್ಳುತ್ತಾರೆ. ಆ ಹಬ್ಬಕ್ಕೆಂದು ಪೆಯ್ ಬರೆದ ಕತೆಯಲ್ಲಿ ಬಸುರಿ ಸೊಸೆ ಮಂಡಿಯೂರಿ ಅತ್ತೆಯ ಕಾಲು ತೊಳೆಯುತ್ತಾಳೆ. ನೀರು ತಣ್ಣಗಾಯಿತೆಂದು ಅತ್ತೆ ಬಕೆಟ್ಟನ್ನು ಒದೆಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ. ಸೊಸೆ ಟಬ್ಬು ಕೊಳ್ಳುತ್ತಾಳೆ. ಅತ್ತೆ ಅದರಲ್ಲಿ ಕಾಲಿಟ್ಟು, "ನೀನು ಸೊಸೆಯಲ್ಲ, ದೇವತೆ" ಎನ್ನುತ್ತಾಳೆ.

ಲಾನ್‌ಯಿಂಗ್ ಕ್ಯಾಮೆರಾದ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೈಚೀಲವನ್ನು ತಬ್ಬಿಕೊಂಡು ಕೂತಳು. ಸೊಸೆಯಾಗಿದ್ದ ಕೆಕೆ ಎಂಬ ಹುಡುಗಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಕಣ್ಣ ಕೆಳಗೆ ಪುದೀನ ಮುಲಾಮು ಹಚ್ಚಿಕೊಂಡು, ಆಗಲೇ ಧಾರಾಕಾರವಾಗಿ ಅಳುತ್ತಾ ಮೊಬೈಲಿನಲ್ಲಿ ಬೆಳಗಿನ ತಿಂಡಿ ತರಿಸಿಕೊಳ್ಳುತ್ತಿದ್ದಳು. ಸುಯುನ್ ತನ್ನ ಹತ್ತಿ ಕೋಟನ್ನು ಮಡಚಿ ಅವಳ ಮಂಡಿಯ ಕೆಳಗೆ ಇಟ್ಟಳು, ಕ್ಯಾಮೆರಾಕ್ಕೆ ಕಾಣದ ಹಾಗೆ. ಪ್ರತಿ ಸಲವೂ ಇಡುತ್ತಿದ್ದಳು. ಬಕೆಟ್ಟನ್ನು ಒದ್ದಾಗ ನೀರು ಹುಡುಗಿಯ ಮೇಲೆ ಬೀಳದೆ ಸೋಫಾದ ಗಂಡನ ಮೇಲೆ ಬೀಳುವ ಹಾಗೆ ಒದೆಯುವುದೂ ಅವಳ ರೂಢಿ. ಏಟು ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ ಗಾಳಿಗೆ ಬಿತ್ತು. ಸದ್ದನ್ನು ದೀಪ ಹಿಡಿದವನು ಚಪ್ಪಾಳೆ ತಟ್ಟಿ ಕೊಟ್ಟ.

"ತಾಗಲೇ ಇಲ್ಲ!" ಎಂದಳು ಲಾನ್‌ಯಿಂಗ್.

"ಮತ್ತೇನು, ತಾಗಬೇಕಿತ್ತಾ?" ಎಂದಳು ಸುಯುನ್.

"ಅಲ್ಲ, ನಾನು ಎರಡು ಪೊಟ್ಟಣ ಸಕ್ಕರೆ ತಗೊಂಡೆ. ಆ ಬಾಣಂತಿ ನೆನೆಸ್ಕೊಂಡು ಒಂದು ವಾರ ಸರಿಯಾಗಿ ಊಟ ಮಾಡ್ಲಿಲ್ಲ."

"ಅವಳೂ ನಾನೇ ಆಂಟಿ" ಎಂದಳು ಕೆಕೆ ಮೂಗೊರೆಸಿಕೊಳ್ಳುತ್ತಾ. "ಆ ಮೊಟ್ಟೆಗಳನ್ನ ಅತ್ತೆ ನಂಗೇ ಕೊಟ್ಟು ಕಳಿಸಿದ್ರು."

ಲಾನ್‌ಯಿಂಗ್ ಮುಖ ಸ್ವಲ್ಪ ಸಡಿಲವಾಯಿತು. ಆದರೆ ಅವಳು ಅಷ್ಟು ಬೇಗ ಸೋಲುವವಳಲ್ಲ. ಸುಯುನ್ ಮೇಲಿದ್ದ ಕೋಪಕ್ಕೆ ಜಾಗವಿಲ್ಲದಂತಾಗಿ ಅದು ಬೇರೆ ದಾರಿ ಹುಡುಕಿತು. ಅವಳು ಪೆಯ್ ಕೈಯಲ್ಲಿದ್ದ ಹಾಳೆಯನ್ನು ಕಿತ್ತುಕೊಂಡು ದೂರ ಹಿಡಿದು ಓದಿದಳು.

"ಇದನ್ನ ಬರೆದೋನು ಯಾರು?"

"ನಾನೇ ಆಂಟಿ."

"ಮುದುಕಿ ಕಾಲು ಬಸುರಿ ಯಾಕಪ್ಪಾ ತೊಳೀತಾಳೆ? ಹೆತ್ತ ಮಗ ಅಲ್ಲೇ ಬಿದ್ಕೊಂಡಿದಾನಲ್ಲ, ಅವನ ಕೈ ಏನು ಒಣಗಾಕಿದೀರಾ?"

"ಆಂಟಿ, ಮಗ ತೊಳೆದ್ರೆ ಯಾರೂ ಅಳಲ್ಲ. ಅಳದಿದ್ರೆ ಕೊಳ್ಳಲ್ಲ. ಕೊಳ್ಳೋರೆಲ್ಲ ಹೆಂಗಸರೇ."

"ಅಂದ್ರೆ ನಮ್ಮನ್ನ ಹೊಡೆಸಿ, ಅಳಿಸಿ, ಆಮೇಲೆ ಟಬ್ಬೂ ನಮಗೇ ಮಾರ್ತೀಯಾ! ನಿಮ್ಮಮ್ಮ ನಿನ್ನ ಹೆತ್ತಾಗ ಯಾವ ಟಬ್ಬು ಕೊಂಡಿದ್ಲು? ನೋಡು, ನೋಡು, ಹಲ್ಲು ಬಿಡ್ತಾನೆ! ನಮ್ಮೂರಲ್ಲಿ ಇಂಥೋನಿಗೆ ಹಳಸಿದ ಬನ್ನೂ ಕೊಡಲ್ಲ!"

ಬನ್ನಿನಂಗಡಿಯ ಆವಿಯೊಳಗಿಂದ ಬೀದಿಯ ಆ ತುದಿಗೆ ಮುಟ್ಟಿಸುವ ಧ್ವನಿ ಅದು. ಒಂದು ಕೈ ಸೊಂಟದಲ್ಲಿ, ಇನ್ನೊಂದು ಕೈಯ ತೋರುಬೆರಳು ಪೆಯ್ ಮೂಗಿನ ತುದಿಯಲ್ಲಿ. ಸುಯುನ್ ನೋಡುತ್ತಿದ್ದಳು. ಕ್ಯಾಮೆರಾದವನು ಯಾರೂ ಹೇಳದೆಯೇ ಕ್ಯಾಮೆರಾವನ್ನು ಆ ಕಡೆ ತಿರುಗಿಸಿದ್ದನ್ನೂ ನೋಡಿದಳು. ಪೆಯ್ ಮುಖದಲ್ಲಿ ಅಪಮಾನವಿರಲಿಲ್ಲ. ನಾಲ್ಕು ವರ್ಷದ ಹಿಂದೆ ಪಾರ್ಕಿನಲ್ಲಿ ಅವನು ತನ್ನನ್ನು ನೋಡಿದ ನೋಟವೇ ಇದು.

ಈಚೆಗೆ ಜನ ಜಾಹೀರಾತಿನ ಕೆಳಗೆ 'ಮತ್ತೆ ಇದೇ ಮುದುಕಿನಾ?' ಎಂದು ಬರೆಯುತ್ತಿದ್ದುದು ಸುಯುನ್‌ಗೆ ಗೊತ್ತಿತ್ತು. ತನ್ನ ದಿನ ಇಂದಲ್ಲ ನಾಳೆ ಮುಗಿಯುತ್ತದೆ. ಆದರೆ ಅದಕ್ಕಿಂತ ದೊಡ್ಡದೊಂದು ಅವಳಿಗೆ ಹೊಳೆಯಿತು. ಈ ಹೆಂಗಸು ಒಂದೇ ಒಂದು ಸಲ ಕೆಟ್ಟ ಅತ್ತೆಯಾಗಿ ಮೊಬೈಲಿನಲ್ಲಿ ಬಂದುಬಿಟ್ಟರೆ ಇನ್ನು ಯಾರನ್ನು ಕೆಟ್ಟ ಅತ್ತೆ ಎನ್ನುತ್ತಾಳೆ?

ಸುಯುನ್ ಕುತ್ತಿಗೆಗೆ ಕೈ ಹಚ್ಚಿ ಕೆಮ್ಮಿದಳು. "ಪೆಯ್, ನಿನ್ನೆ ಕುಡಿದದ್ದಕ್ಕೆ ಗಂಟಲು ಕೂತ್ಕೊಂಡಿದೆ ಕಣೋ. ನನ್ನ ಕೈಲಾಗಲ್ಲ."

ಪೆಯ್ ಬುದ್ಧಿವಂತ. "ಹಾಗಾದ್ರೆ ಶೂಟಿಂಗ್ ನಿಂತ್ಹೋಯ್ತಲ್ಲ" ಎಂದು ಬೇಜಾರಿನ ಮುಖ ಮಾಡಿ ಲಾನ್‌ಯಿಂಗ್ ಕಡೆ ನೋಡಿದ.

"ನನ್ನ ಯಾಕೆ ನೋಡ್ತೀಯಾ? ನಾನು ಮಾನವಂತಳು."

"ನಾನು ಹೇಳ್ತೀನಿ ಕೇಳೋ, ಅವರಿಂದಾಗಲ್ಲ" ಎಂದಳು ಸುಯುನ್. "ಬೀದೀಲಿ ಕೂಗೋದು ಬೇರೆ, ಕ್ಯಾಮೆರಾ ಮುಂದೆ ಬೇರೆ. ಕಾಲು ನಡುಗತ್ತೆ, ಧ್ವನಿ ಏಳಲ್ಲ. ಪಾಪ, ಬಿಟ್ಬಿಡು."

"ಯಾರಿಗೆ ಧ್ವನಿ ಏಳಲ್ಲ?"

ಸುಯುನ್‌ಳ ರೇಷ್ಮೆ ಜಾಕೀಟು ಲಾನ್‌ಯಿಂಗ್ ತೋಳಿಗೆ ಏರಲಿಲ್ಲ, ಬೆನ್ನಿನ ಕಡೆ ಹೊಲಿಗೆ ಬಿಚ್ಚಿ ಪಿನ್ನು ಹಾಕಿದರು. "ಕ್ಯಾಮೆರಾ ನೋಡ್ಬೇಡಿ" ಎಂದು ಸುಯುನ್ ಕಿವಿಯಲ್ಲಿ ಹೇಳಿಕೊಟ್ಟಳು. "ಹುಡುಗಿ ಬೈತಲೆ ನೋಡಿ, ಅಲ್ಲಿ ಹೇನು ಹರೀತಿದೆ ಅಂದ್ಕೊಳ್ಳಿ. ಬೈಯೋ ಮೊದಲು ಒಂದ್ಸಲ ಸುಮ್ನಿರಿ. ವಿಷ ಇರೋದು ಆ ಸುಮ್ನಿರೋದ್ರಲ್ಲಿ."

ಲಾನ್‌ಯಿಂಗ್ ಸುಮ್ಮನಿದ್ದಳು. ಆಮೇಲೆ ಬೈದಳು. ಕೆಕೆ ಮುಲಾಮಿಲ್ಲದೆ ಅತ್ತಳು. ಮೂರನೆಯ ಸಲದ ಚಿತ್ರೀಕರಣದಲ್ಲಿ ಲಾನ್‌ಯಿಂಗ್‌ಗೆ ಹುಮ್ಮಸ್ಸು ಹೆಚ್ಚಿ, ಹೇಳಿಕೊಡದಿದ್ದರೂ ಸೋಫಾಕ್ಕೆ ಹೋಗಿ ಗಂಡನ ಕಿವಿ ಹಿಡಿದು ಎಳೆದು ತಂದು ಬಕೆಟ್ಟಿನ ಮುಂದೆ ಕೂರಿಸಿದಳು.

"ತೊಳಿಯೋ! ನಿನ್ನ ಹೆತ್ತ ಕಾಲು ಇದು!"

"ಮೇಡಂ, ನಂಗೆ ಕೂರೋದಕ್ಕೆ ಮಾತ್ರ ದುಡ್ಡು ಮಾತಾಡಿರೋದು!" ಎಂದು ಅವನು ಕೂಗಿದ. ಸ್ಟುಡಿಯೋದಲ್ಲಿದ್ದ ಹೆಂಗಸರೆಲ್ಲ ಕೈ ತಟ್ಟಿದರು. ಪಕ್ಕದ ಸ್ಟುಡಿಯೋದಲ್ಲಿ ಶಾಂಪೂವಿಗೆ ಅಳುತ್ತಿದ್ದ ಇಬ್ಬರೂ ತಲೆಯ ನೊರೆಯ ಸಮೇತ ಬಂದು ನಿಂತು ನಕ್ಕರು.

ಪೆಯ್ ಆ ಭಾಗವನ್ನು ಕತ್ತರಿಸಿದ. ಕಂಪನಿಯವರು ಒಪ್ಪುವುದಿಲ್ಲ ಎಂದ. ಹೊರಗೆ ಹೋದ ಜಾಹೀರಾತಿನಲ್ಲಿ ಬಸುರಿ ಮಂಡಿಯೂರಿಯೇ ಇದ್ದಳು, ಏಟು ತಿಂದಳು, ಟಬ್ಬು ಕೊಂಡಳು, ದೇವತೆಯಾದಳು. ದೇವತೆಯರ ಹಬ್ಬದೊಳಗೆ ಟಬ್ಬುಗಳೆಲ್ಲ ಖಾಲಿಯಾದವು.

ಮೂರು ಗಂಟೆಯ ರೈಲನ್ನು ಲಾನ್‌ಯಿಂಗ್ ಹಿಡಿಯಲಿಲ್ಲ. ಸಂಜೆ ಆರರವರೆಗೆ ಬೈದು, ಸುಯುನ್ ಮನೆಗೆ ಬಂದು, ಎರಡು ಬಟ್ಟಲು ಕುರಿಸಾರಿನ ಶಾವಿಗೆ ತಿಂದು, ಬೀರುವಿಗೆ ಬೀಗವಿಲ್ಲವೇ ಎಂದು ಅದರ ಬಾಗಿಲನ್ನು ಒಂದು ಸಲ ಎಳೆದು ನೋಡಿದಳು.

ಹತ್ತು ದಿನ ಬಿಟ್ಟು ನಾನ್‌ಯಾಂಗ್‌ನಿಂದ ಅವಳ ಫೋನು ಬಂತು. "ಬೀಗಿತ್ತಿ! ಅಂಗಡೀಗೆ ಬಂದೋರೆಲ್ಲ ನನ್ನ ಕೆಕ್ಕರಿಸಿ ನೋಡ್ತಾರೆ! ಎದುರುಮನೆ ಮುದುಕಿ, ಬಸುರಿ ಕೆನ್ನೆಗೆ ಹೊಡಿಯೋಕೆ ನಿಂಗೆ ಕೈ ಹೇಗೆ ಬಂತೇ ಅಂತ ಕೇಳ್ತಾಳೆ! ನಾಟಕ ಅಂದ್ರೆ ನಂಬಲ್ಲ! ಕಣ್ಣಲ್ಲಿ ವಿಷ ಇತ್ತು ಅಂತಾಳೆ!"

"ಇತ್ತಲ್ಲ" ಎಂದಳು ಸುಯುನ್. "ತುಂಬಾ ಚೆನ್ನಾಗಿ ಬಂದಿತ್ತು."

ಲಾನ್‌ಯಿಂಗ್ "ಹೌದಾ? ನಿಜ ಹೇಳ್ತಿದೀರಾ?" ಎಂದು ಮೆಲ್ಲಗೆ ಕೇಳಿದಳು. ಅದೇ ಉಸಿರಿನಲ್ಲಿ ಮದುವೆಗೆ ಮೇ ತಿಂಗಳು ಆಗಬಹುದೇ ಎಂದಳು.

ಮದುವೆ ಮೇ ತಿಂಗಳಲ್ಲೇ ಆಯಿತು. ಪೆಯ್ ಆಮೇಲೆ ಸುಯುನ್‌ಗೆ ಫೋನು ಮಾಡಿದ್ದು ಒಂದೇ ಸಲ, ಲಾನ್‌ಯಿಂಗ್‌ಗೆ ಇನ್ನೊಂದು ನಂಬರ್ ಇದೆಯೇ ಎಂದು ಕೇಳುವುದಕ್ಕೆ. ಈಗ ಲಾನ್‌ಯಿಂಗ್ ಅಂಗಡಿಯನ್ನು ತಂಗಿಗೆ ವಹಿಸಿ ವಾರಕ್ಕೆ ಎರಡು ದಿನ ಶೂಟಿಂಗಿಗೆ ಬರುತ್ತಾಳೆ. ಸುಯುನ್ ಮನೆಯಲ್ಲೇ ಇಳಿದುಕೊಂಡು, ಕನ್ನಡಿಯ ಮುಂದೆ ಬೈಗುಳ ಕಲಿಯುತ್ತಾಳೆ, ಶಾವಿಗೆಗೆ ಉಪ್ಪು ಕಡಿಮೆ ಎನ್ನುತ್ತಾಳೆ. ಹೌ ಕಡಲೆಕಾಯಿಯ ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋಗುತ್ತಾನೆ. ಚೆನ್‌ಲು ಕೆಲಸದಿಂದ ಬಂದು ಚಪ್ಪಲಿ ಬಿಟ್ಟು, ತಾಯಿಯನ್ನು ದಾಟಿ, ಮೊದಲು ಅಡಿಗೆಮನೆಗೆ ಬಂದು ಸುಯುನ್‌ಳನ್ನು ಮಾತಾಡಿಸುತ್ತಾಳೆ.

ಸುಯುನ್‌ಗೆ ಸೊಸೆ ಬಂದಳು, ಕೆಲಸ ಹೋಯಿತು. ಆ ಕೆಲಸ ತನಗೆ ಅಷ್ಟು ಇಷ್ಟವಿತ್ತೆಂದು ಅವಳಿಗೆ ತಿಳಿದದ್ದು ಅದು ಹೋದ ಮೇಲೆ.